ಸಾಕೆ? ಸಾಕು!
(ಕ್ಯೋಟೋ ಕಥೆಗಳು – ಭಾಗ 6)

ಮೊನ್ನೆ ಸ್ಟೋರಿ ಹಾಕಿದ್ಮೇಲೆ ಬಂದ ಮೆಸೇಜ್ ಎಲ್ಲಾ ಒಂದೇ: "ಏನೋ ಅದು, ಗಂಜಿ ತಿಳಿನಾ?" ಅಲ್ಲ ಕಣ್ರೋ, ಸಾಕೆ. ಅದೂ ಅಕ್ಕಿದೇ, ಹಾಗಾಗಿ ನೀವು ಪೂರ್ತಿ ತಪ್ಪೂ ಅಲ್ಲ.

ಮೊದಲನೇ ಫೋಟೋ ನೋಡಿ. ಬಾಟ್ಲಿ ತಳದಲ್ಲಿ ತೆಳ್ಳಗೆ ಬಿಳಿ ಗಸಿ ಇದೆ. ಇದು ‘ಉಸುನಿಗೋರಿ’, ಅಂದ್ರೆ ತುಸುವೇ ಕದಡಿದ್ದು. ಹಿಂಡಿ ಸೋಸುವಾಗ ಅಕ್ಕಿಯ ಸಣ್ಣ ಕಣಗಳನ್ನು ಸ್ವಲ್ಪ ಉಳಿಸಿರ್ತಾರೆ. ಲೇಬಲ್ ಮೇಲಿರೋ ‘ನಾಮಾ’ ಅಂದ್ರೆ ಹಸಿ. ಸಾಮಾನ್ಯ ಸಾಕೆಯನ್ನು ಸುಮಾರು 60–65 ಡಿಗ್ರಿಗೆ ಎರಡು ಸಲ ಬಿಸಿ ಮಾಡ್ತಾರೆ, ಕೆಡಬಾರದು ಅಂತ. ನಾರಾದ ಬೌದ್ಧ ಮಠವೊಂದರ ದಿನಚರಿಯಲ್ಲಿ 1568ರಲ್ಲೇ ಈ ಬಿಸಿ ಮಾಡೋ ಕ್ರಮದ ಉಲ್ಲೇಖ ಇದೆ. ಆಗಿನ್ನೂ ಲೂಯಿ ಪಾಶ್ಚರ್ ಹುಟ್ಟೇ ಇರ್ಲಿಲ್ಲ! ನಾಮಾಗೆ ಆ ಬಿಸಿ ತಾಗಿರಲ್ಲ.

ಈಗ ನನ್ನ ವಾದ. ಬೆಳ್ಳಗಿದ್ರೆ ಸಿಹಿ ಅಂತ ಎಲ್ಲರೂ ಅಂದ್ಕೊಂಡಿದ್ದಾರೆ. ಪಾಯಸದ ಹಾಗಿರೋ ಗಟ್ಟಿ ನಿಗೋರಿ ಕುಡಿದವರಿಗೆ ಹಾಗನ್ನಿಸೋದು ಸಹಜ. ಆದ್ರೆ ಇದು ‘ಕಾರಾಕುಚಿ’, ಸಿಹಿ ಕಮ್ಮಿ. ಕೋಜಿ ಅನ್ನೋ ಬೂಷ್ಟು ಅಕ್ಕಿಯ ಪಿಷ್ಟವನ್ನು ಸಕ್ಕರೆ ಮಾಡುತ್ತೆ, ಯೀಸ್ಟ್ ಆ ಸಕ್ಕರೆಯನ್ನು ತಿನ್ನುತ್ತೆ. ಇಲ್ಲಿ ಯೀಸ್ಟ್ ಚೆನ್ನಾಗಿ ಊಟ ಮಾಡಿದೆ ಅಷ್ಟೇ. ಮೊದಲು ಅನ್ನದ ಘಮ, ಆಮೇಲೆ ಸಣ್ಣ ಹುಳಿ, ಕೊನೆಗೆ ನಾಲಿಗೆ ಒರೆಸಿದಷ್ಟು ಸ್ವಚ್ಛ. ಉಪ್ಪು ಹಾಕಿ ಸುಟ್ಟ ಮೀನಿನ ಜೊತೆಗಂತೂ ಇದೇ ಸರಿ.

ಮೊದಲ ಲೋಟ ಅಲ್ಲಾಡಿಸದೆ ಮೇಲಿನ ತಿಳಿ ಬಗ್ಗಿಸಿ. ಎರಡನೇದಕ್ಕೆ ಬಾಟ್ಲಿ ಮೆಲ್ಲಗೆ ಮಗುಚಿ. ಒಂದೇ ಬಾಟ್ಲಿ, ಎರಡು ರುಚಿ. ಜೋರಾಗಿ ಕುಲುಕಬೇಡಿ, ಕೆಲವದರಲ್ಲಿ ಗ್ಯಾಸ್ ಇರುತ್ತೆ, ಉಕ್ಕಿ ಗೋಡೆಗೆ ಅಭಿಷೇಕ ಆಗುತ್ತೆ. ಫ್ರಿಡ್ಜ್ ಕಡ್ಡಾಯ. ನನ್ನ ಮೊದಲ ಬಾಟ್ಲಿಯನ್ನು ‘ಯಾವುದಾದ್ರೂ ಒಳ್ಳೆ ದಿನಕ್ಕೆ’ ಅಂತ ಬೇಸಿಗೆಯಲ್ಲಿ ಕಪಾಟಿನಲ್ಲಿಟ್ಟೆ. ತೆಗೆದಾಗ ನಾತ. ಸಿಂಕಿಗೆ ಸುರಿದೆ.

ಎರಡನೇ ಫೋಟೋದಲ್ಲಿರೋದು ನನ್ನ ಲೋಟ. ಎರಡು ಗುಟುಕಿಗೆ ಮುಗಿಯುತ್ತೆ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, "ನೀನೂ ಅಪ್ಪನ ದಾರಿ ಹಿಡಿದ್ಯಾ?" ಅಂತ ಅಕ್ಕ ಫೋನಲ್ಲಿ ಕೇಳಿದ್ಳು. ನಮ್ಮನೇಲಿ ಅಮ್ಮ ದಿನಾ ರಾತ್ರಿ ಅಪ್ಪನ್ನ ಕೇಳ್ತಿದ್ದ ಮಾತು, "ಇಷ್ಟು ಸಾಕಲ್ವಾ?" ಅಪ್ಪ ಒಂದು ದಿನಾನೂ ಉತ್ತರ ಕೊಡ್ಲಿಲ್ಲ. ಅಪ್ಪನಿಗೆ ರುಚಿ ಗೊತ್ತಿತ್ತು ಅಂತ ನನಗನ್ನಿಸಲ್ಲ. ಗಟಗಟ ಕುಡಿಯೋನಿಗೆ ಕಾರಾಕುಚಿ ಆದ್ರೇನು, ಸಾರಾಯಿ ಆದ್ರೇನು?

ರುಚಿ ಗೊತ್ತಿರೋನು ಕುಡುಕ ಆಗಲ್ಲ ಅಂತ ನಾನು ಹೇಳಲ್ಲ, ಅದು ಸುಳ್ಳು. ಇದರಲ್ಲೂ ಶೇಕಡಾ 15ರ ಆಸುಪಾಸು ಆಲ್ಕೋಹಾಲ್ ಇದೆ. ಅದಕ್ಕೇ ನನ್ನ ನಿಯಮ: ಊಟದ ಜೊತೆ, ಸ್ನೇಹಿತರ ಜೊತೆ, ಎರಡೇ ಲೋಟ. ಒಬ್ನೇ ಇದ್ದಾಗ ಮುಚ್ಚಳ ತೆಗೆಯಲ್ಲ. ಕುಡಿಯದವರು ಕುಡಿಯೋದೇನೂ ಬೇಡ. 20 ತುಂಬದವರಿಗೆ ಜಪಾನಲ್ಲೂ ಕೊಡಲ್ಲ.

ಕನ್ನಡದಲ್ಲಿ ಈ ಪಾನೀಯದ ಹೆಸರೇ ಒಂದು ಪ್ರಶ್ನೆ ನೋಡಿ. ಸಾಕೆ? ಪ್ರತಿ ಸಲ ಉತ್ತರ ಕೊಟ್ಟೇ ಲೋಟ ಕೆಳಗಿಡ್ತೀನಿ.

ಅಕ್ಕಾ, ಓದಿದ್ಯಾ? ಸಾಕು ಅಂದಿದೀನಿ.

#ಕ್ಯೋಟೋಕಥೆಗಳು #ಉಸುನಿಗೋರಿ #ಸಾಕು