ತೆರಿಗೆ ಕಾಣುವ ಕಣ್ಣಿಗೆ ಬ್ರೇಕು ಕಾಣದೇ?

ಹೊಸ ಕಾರು ಕೊಳ್ಳುವ ಯೋಗ ಗಿರಣಿಯ ಕೆಲಸಗಾರನಿಗೂ ಇಲ್ಲ, ಮಂಡಿಯ ಸಣ್ಣ ವ್ಯಾಪಾರಿಗೂ ಇಲ್ಲ. ಅವರ ಪಾಲಿಗೆ ಬರುವುದು ಉಳ್ಳವರು ಬಳಸಿ ಬಿಟ್ಟ ಗಾಡಿ. ಯಲ್ದೂರಿನವರಿಗೆ ಆಂಧ್ರದ ಗಡಿ ದೂರವಲ್ಲ. ಮಾಲೂರಿನ ಆಚೆಗೆ ಹೊಸೂರು. ಮದನಪಲ್ಲಿಯಲ್ಲೋ ಚೆನ್ನೈಯಲ್ಲೋ ಅಗ್ಗಕ್ಕೆ ಒಂದು ಕಾರಿದೆ ಎಂದು ದಲ್ಲಾಳಿ ಹೇಳಿದರೆ ಸಾಕು, ಚೀಟಿ ಎತ್ತಿ, ಮನೆಯವಳ ಒಡವೆ ಅಡವಿಟ್ಟು ಓಡುವವರು ನಮ್ಮವರೇ. ಆ ಗಾಡಿ ಅಗ್ಗವಾದದ್ದೇಕೆ ಎಂದು ಹೇಳುವವರು ಮಾತ್ರ ಯಾರೂ ಇಲ್ಲ.

ಗಾಡಿ ಗಡಿ ದಾಟಿತೋ, ಸರ್ಕಾರ ಎಚ್ಚರಗೊಳ್ಳುತ್ತದೆ. 1988ರ ಮೋಟಾರು ವಾಹನ ಕಾಯಿದೆಯಂತೆ, ಹೊರರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿದ್ದರೆ ಇಲ್ಲಿನ ನಂಬರು ಪಡೆಯಬೇಕು. ಅದಕ್ಕೆ 28ನೇ ನಮೂನೆಯ ನಿರಾಕ್ಷೇಪಣಾ ಪತ್ರ, 29 ಮತ್ತು 30ನೇ ನಮೂನೆಗಳ ವರ್ಗಾವಣೆ, 27ನೇ ನಮೂನೆಯ ಅರ್ಜಿ. ಅದರ ಮೇಲೆ ಆಜೀವ ತೆರಿಗೆ. ಈ ತೆರಿಗೆಯ ಲೆಕ್ಕ ಬಡವ ಕೊಟ್ಟ ಹಣದ ಮೇಲಲ್ಲ, ಗಾಡಿ ಹೊಸದಾಗಿದ್ದಾಗಿನ ಬೆಲೆ ಮತ್ತು ಅದರ ವಯಸ್ಸಿನ ಮೇಲೆ. ಮೊದಲಿನ ರಾಜ್ಯದಲ್ಲಿ ಕಟ್ಟಿದ ತೆರಿಗೆಯ ಉಳಿಕೆ ಬೇಕೆಂದರೆ ಅಲ್ಲಿಯ ಕಚೇರಿಗೆ ಅಲೆಯಬೇಕು. ಇಷ್ಟೂ ಸಾಲದೆ, 30 ದಿನ ಕಳೆದರೆ ಆಜೀವ ತೆರಿಗೆ ಎಂದು 2014ರಲ್ಲಿ ನಮ್ಮ ರಾಜ್ಯ ತಿದ್ದುಪಡಿಯನ್ನೇ ತಂದಿತು. 2016ರಲ್ಲಿ ಹೈಕೋರ್ಟು ಅದನ್ನು ಹೊಡೆದುಹಾಕಿತು. ತೆರಿಗೆಗೆ ಎಂಥ ಅವಸರ ನೋಡಿ!

ಈಗ ಇನ್ನೊಂದು ಬದಿ ನೋಡೋಣ. 2015ರ ಡಿಸೆಂಬರಿನಲ್ಲಿ ಚೆನ್ನೈ ನೀರಿನಲ್ಲಿ ಮುಳುಗಿತು. ಸಾವಿರಾರು ಕಾರುಗಳೂ ಮುಳುಗಿದವು. ಇಂಥ ಗಾಡಿಗಳಿಗೆ ವಿಮಾ ಕಂಪನಿ ಪೂರ್ಣ ನಷ್ಟವೆಂದು ಪರಿಹಾರ ಕೊಟ್ಟು, ಗಾಡಿಯನ್ನು ಹರಾಜಿಗೆ ಬಿಡುತ್ತದೆ. ಹರಾಜಿನಲ್ಲಿ ಹಿಡಿದವನು ತೊಳೆದು, ಸೀಟು ಬದಲಿಸಿ, ಬಣ್ಣ ಬಳಿದು ಮಾರಬಹುದು. ಒಳಗಿನ ತಂತಿಗಳ ತುಕ್ಕನ್ನು ಬಣ್ಣ ಮುಚ್ಚುತ್ತದೆ, ಆದರೆ ವಾಸಿ ಮಾಡುವುದಿಲ್ಲ. ನಿರಾಕ್ಷೇಪಣಾ ಪತ್ರದಲ್ಲಿ ತೆರಿಗೆ ಬಾಕಿಯ ಮಾತಿದೆ, ಕಳವಿನ ಮಾತಿದೆ. ಗಾಡಿ ನೀರಿನಲ್ಲಿ ಮುಳುಗಿತ್ತೇ, ವಿಮೆಯವರು ಕೈಬಿಟ್ಟದ್ದೇ ಎಂಬ ಒಂದು ಕಲಮೂ ಇಲ್ಲ.

ಕಾರ್ಖಾನೆಯೇ ಒಪ್ಪಿಕೊಂಡ ದೋಷದ ಕಥೆಯೂ ಇದೇ. 2020ರ ಜುಲೈನಲ್ಲಿ ಮಾರುತಿ ಕಂಪನಿಯು ಇಂಧನ ಪಂಪಿನ ದೋಷಕ್ಕಾಗಿ 1,34,885 ವ್ಯಾಗನ್ ಆರ್ ಮತ್ತು ಬಲೆನೊ ಕಾರುಗಳನ್ನು ಹಿಂದಕ್ಕೆ ಕರೆಯಿತು. ಪುಕ್ಕಟೆ ರಿಪೇರಿ, ಸರಿಯೇ. ಆದರೆ ಆ ಸೂಚನೆ ಹೋಗುವುದು ದಾಖಲೆಯಲ್ಲಿರುವ ಮಾಲೀಕನ ವಿಳಾಸಕ್ಕೆ. ಮೂರು ಕೈ ದಾಟಿ ಶ್ರೀನಿವಾಸಪುರಕ್ಕೆ ಬಂದ ಗಾಡಿಯ ಒಡೆಯನಿಗೆ ಅದು ಮುಟ್ಟುವುದೆಂತು? 2019ರ ತಿದ್ದುಪಡಿಯಿಂದ ದೋಷಯುಕ್ತ ವಾಹನ ಹಿಂಪಡೆಯುವಂತೆ ಆಜ್ಞೆ ಮಾಡುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಬಂದಿದೆ. 2021ರ ನಿಯಮದಂತೆ ದಂಡ 1 ಕೋಟಿ ರೂಪಾಯಿವರೆಗೆ. ಆದರೆ ಆ ನಿಯಮ ಏಳು ವರ್ಷದೊಳಗಿನ ಗಾಡಿಗೆ ಮಾತ್ರ. ಎಂಟನೇ ವರ್ಷದ ಗಾಡಿ ಯಾರ ಮನೆ ಮುಂದೆ ನಿಂತಿದೆ? ನಮ್ಮ ಮನೆ ಮುಂದೆ!

"ಕೊಳ್ಳುವವನೇ ನೋಡಿ ಕೊಳ್ಳಬೇಕು" ಎಂದು ಬುದ್ಧಿ ಹೇಳುವವರಿದ್ದಾರೆ. ನೋಡುವುದೆಲ್ಲಿ ಸ್ವಾಮಿ? ಎತ್ತಿನ ಹಲ್ಲು ಹಿಡಿದು ನೋಡಬಹುದು, ಸುಳಿ ನೋಡಬಹುದು. ಬಾನೆಟ್ಟಿನ ಕೆಳಗಿನ ದೋಷ ಮೇಸ್ತ್ರಿಗೂ ಒಮ್ಮೆಗೇ ಕಾಣದು. ವಾಹನ್ ಎಂಬ ದಾಖಲೆಯಲ್ಲಿ ದೇಶದ ಗಾಡಿಗಳ ಜಾತಕವನ್ನೇ ಇಟ್ಟುಕೊಂಡ ಸರ್ಕಾರಕ್ಕೆ ಬಾಕಿ ದಂಡ ಕಾಣುತ್ತದೆ, ಸಾಲ ಕಾಣುತ್ತದೆ. ದೋಷ ಮಾತ್ರ ಕಾಣದೆಂದರೆ ನಂಬುವವರಾರು?

ನಾವು ತೆರಿಗೆಯ ವಿರೋಧಿಗಳಲ್ಲ. ರಸ್ತೆ ಬೇಕೆಂದರೆ ತೆರಿಗೆ ಬೇಕು. ಆದರೆ 2021ರಲ್ಲಿ ಬಂದ ಬಿ.ಎಚ್. ನಂಬರನ್ನು ನೋಡಿ: ಸರ್ಕಾರಿ ನೌಕರರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಕಂಪನಿಯ ನೌಕರರಿಗೆ ಎರಡೆರಡು ವರ್ಷದ ಕಂತಿನ ತೆರಿಗೆ, ರಾಜ್ಯ ಬದಲಾದರೂ ನಂಬರು ಬದಲಾಗದು. ಟೊಮೇಟೊ ಹಿಡಿದು ವಾರಕ್ಕೊಮ್ಮೆ ಗಡಿ ದಾಟುವ ವ್ಯಾಪಾರಿಗೆ ಆ ಸವಲತ್ತಿಲ್ಲ. ಇದು ಯಾವ ಸಮಾನತೆ?

ಆದುದರಿಂದ ನಮ್ಮ ಬೇಡಿಕೆಗಳು ಇವು. ಒಂದು: ಹಿಂಪಡೆದ ದೋಷ, ವಿಮೆಯ ಪೂರ್ಣ ನಷ್ಟ, ಎರಡನ್ನೂ ನಿರಾಕ್ಷೇಪಣಾ ಪತ್ರದಲ್ಲೇ ನಮೂದಿಸಬೇಕು. ಎರಡು: ಏಳು ವರ್ಷದ ಗಡಿ ತೆಗೆಯಬೇಕು. ಮೂರು: ತೆರಿಗೆಯ ಉಳಿಕೆಯನ್ನು ರಾಜ್ಯ ರಾಜ್ಯಗಳೇ ತಮ್ಮೊಳಗೆ ಹೊಂದಿಸಿಕೊಳ್ಳಬೇಕು. ನಾಲ್ಕು: ಹಳೇ ಗಾಡಿಯ ವ್ಯಾಪಾರಿಗಳು ಅಧಿಕಾರ ಪತ್ರ ಪಡೆಯಬೇಕೆಂಬ, 2023ರ ಏಪ್ರಿಲಿನಿಂದ ಜಾರಿಯಾದ ನಿಯಮವನ್ನು ರಸ್ತೆ ಬದಿಯ ದಲ್ಲಾಳಿಗೂ ಅನ್ವಯಿಸಬೇಕು.

ಅಲ್ಲಿಯವರೆಗೆ, ಬಂಧುಗಳೇ, ಎಚ್ಚರವಾಗಿರಿ. ಹೆಸರು ತುಂಬದೆ ರುಜು ಮಾತ್ರ ಹಾಕಿದ 29, 30ನೇ ನಮೂನೆ ಕೊಟ್ಟರೆ ಗಾಡಿ ಮುಟ್ಟಬೇಡಿ. ಮಾರಿದವರೂ ಸುಮ್ಮನಿರಬೇಡಿ: ದಾಖಲೆಯಲ್ಲಿ ಹೆಸರಿರುವವನೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಚಾಸಿ ನಂಬರು ಕೊಟ್ಟು, ಬಾಕಿ ದೋಷ ಇದೆಯೇ ಎಂದು ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಮೊದಲೇ ಕೇಳಿ. ವ್ಯಾಪಾರಿ ದೋಷ ಮುಚ್ಚಿಟ್ಟು ಮಾರಿದ್ದರೆ, ಅವನು ಯಾವ ರಾಜ್ಯದವನಾದರೂ, 2019ರ ಗ್ರಾಹಕ ಕಾಯಿದೆಯಂತೆ ನಾವಿರುವ ಜಿಲ್ಲೆಯಲ್ಲೇ, ಅಂದರೆ ಕೋಲಾರದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ.

ಒಬ್ಬೊಬ್ಬರೇ ಅಳುವುದು ಸಾಕು. ಹತ್ತು ಜನ ಸೇರಿ ಅರ್ಜಿ ಬರೆದು ಸಾರಿಗೆ ಕಚೇರಿಯ ಮೇಜಿನ ಮೇಲಿಡಿ. ತೆರಿಗೆ ಎಣಿಸುವ ಕೈ ಗಾಡಿಯ ದೋಷವನ್ನೂ ಬರೆಯಲಿ!