ನಮ್ಮವರಾದರೂ ಲೆಕ್ಕ ಲೆಕ್ಕವೇ

ಹಗರಣ ಅಂದ ಕೂಡಲೇ ನಾವು ವಿಧಾನಸೌಧದ ಕಡೆ ಬೆರಳು ತೋರಿಸಿ ಸುಮ್ಮನಾಗುತ್ತೇವೆ. ಕೋಟಿಗಳ ಲೆಕ್ಕ ದೊಡ್ಡವರದ್ದು, ನಮ್ಮ ಪಂಚಾಯತಿಯಲ್ಲಿ, ಸೊಸೈಟಿಯಲ್ಲಿ ತಿನ್ನಲಿಕ್ಕೆ ಎಂತ ಇದೆ ಎಂದು ಕೇಳುವವರೂ ಇದ್ದಾರೆ. ಆದರೆ ರಾಜ್ಯದಲ್ಲಿ ಈಚಿನ ವರ್ಷಗಳಲ್ಲಿ ಹೊರಬಂದ ಪ್ರಕರಣಗಳನ್ನು ಬಿಡಿಸಿ ನೋಡಿದರೆ ದೊಡ್ಡ ಕಳವಿಗೂ ಸಣ್ಣ ಕಳವಿಗೂ ದಾರಿ ಒಂದೇ ಎಂದು ಗೊತ್ತಾಗುತ್ತದೆ. ಖರ್ಚು ಮಾಡುವವರೂ ಲೆಕ್ಕ ನೋಡುವವರೂ ಒಬ್ಬರಿಗೊಬ್ಬರು ಬೇಕಾದವರಾಗಿರುತ್ತಾರೆ. ಹಣ ಯಾರಿಗೆ ಸೇರಬೇಕೋ ಅವರು ಮಾತ್ರ ಅಲ್ಲಿ ಇರುವುದಿಲ್ಲ.

ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಪ್ರಕರಣವನ್ನೇ ನೋಡಿ. ಬಡ ಕುಟುಂಬಗಳಿಗೆ ಕೊಳವೆ ಬಾವಿ ಕೊರೆಸಲು, ಸ್ವಂತ ಉದ್ಯೋಗಕ್ಕೆ ಸಾಲ ಕೊಡಲು ಇರುವ ನಿಗಮ ಅದು. ಬೆಂಗಳೂರಿನ ಎಂ.ಜಿ. ರಸ್ತೆಯ ಯೂನಿಯನ್ ಬ್ಯಾಂಕ್ ಶಾಖೆಯಲ್ಲಿದ್ದ ನಿಗಮದ ಖಾತೆಗೆ ಸುಮಾರು 187 ಕೋಟಿ ರೂಪಾಯಿ ಬಂತು. ಅದರಲ್ಲಿ ಸುಮಾರು 89 ಕೋಟಿ, ನಿಗಮಕ್ಕೆ ಸಂಬಂಧವೇ ಇಲ್ಲದ ಖಾತೆಗಳಿಗೆ ಹೋಯಿತು. ಲೆಕ್ಕಪರಿಶೋಧನೆ ಇದನ್ನು ಹಿಡಿಯಲಿಲ್ಲ. ನಿಗಮದ ಲೆಕ್ಕಪತ್ರ ಅಧೀಕ್ಷಕರೊಬ್ಬರು 2024ರ ಮೇ 26ರಂದು ಪತ್ರ ಬರೆದಿಟ್ಟು ಜೀವ ಕಳಕೊಂಡ ಮೇಲೆ ವಿಷಯ ಹೊರಬಿತ್ತು. ಸಚಿವ ಬಿ. ನಾಗೇಂದ್ರ ಜೂನ್ 6ರಂದು ರಾಜೀನಾಮೆ ಕೊಟ್ಟರು. ಜುಲೈಯಲ್ಲಿ ಇ.ಡಿ. ಅವರನ್ನು ಬಂಧಿಸಿತು, ಅಕ್ಟೋಬರ್‌ನಲ್ಲಿ ಜಾಮೀನು ಸಿಕ್ಕಿತು. ತಪ್ಪು ಯಾರದ್ದು ಎಂದು ನ್ಯಾಯಾಲಯ ಹೇಳಲಿ. ನಮ್ಮ ಪ್ರಶ್ನೆ ಬೇರೆ. ಅಷ್ಟು ಹಣ ಖಾತೆ ಬಿಟ್ಟು ಹೋಗುವಾಗ ನಿಗಮ, ಬ್ಯಾಂಕು, ಇಲಾಖೆ ಮೂರರಲ್ಲಿ ಒಬ್ಬರಾದರೂ ಯಾಕೆ ತಡೆಯಲಿಲ್ಲ?

ದೇವರಾಜ ಅರಸು ಟ್ರಕ್ ಟರ್ಮಿನಲ್ ನಿಗಮದ್ದು ಇನ್ನೊಂದು ದಾರಿ. ಟೆಂಡರ್ ಕರೆಯದೆ, ತುರ್ತು ಕಾಮಗಾರಿ, ತುಂಡು ಗುತ್ತಿಗೆ ಎಂದು ಕೆಲಸ ಹಂಚಿ ಸುಮಾರು 47 ಕೋಟಿ ರೂಪಾಯಿ ಅಕ್ರಮ ಮಾಡಲಾಗಿದೆ ಎಂಬುದು ಅಲ್ಲಿನ ಆರೋಪ. ನಿಗಮದ ಮಾಜಿ ಅಧ್ಯಕ್ಷ ಡಿ.ಎಸ್. ವೀರಯ್ಯ ಅವರನ್ನು 2024ರ ಜುಲೈಯಲ್ಲಿ ಸಿಐಡಿ ಬಂಧಿಸಿತ್ತು. ಒಂದು ನಿಗಮದ ಹಗರಣ ಹೊರಬಂದಾಗ ಇದ್ದದ್ದು ಒಂದು ಪಕ್ಷದ ಸರಕಾರ, ಇನ್ನೊಂದರ ಆರೋಪ ಇರುವುದು ಇನ್ನೊಂದು ಪಕ್ಷದ ಆಡಳಿತದ ಅವಧಿಯ ಮೇಲೆ. ಹಾಗಾಗಿ ಪಕ್ಷ ನೋಡಿ ಕೋಪ ಮಾಡುವುದರಲ್ಲಿ ಅರ್ಥ ಇಲ್ಲ.

ಈಗ ನಮ್ಮ ಕಾಲ ಬುಡಕ್ಕೆ ಬರೋಣ. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ನಮ್ಮ ಜನ ಕುಣಿಗಲ್ ದಾಟಿಯೇ ಹೋಗುವುದು. ಅಲ್ಲಿಂದ ಮಾಗಡಿ ಕಡೆಗೆ ತಿರುಗಿದರೆ ಬೆಟ್ಟದ ಕೋಟೆಯ ಹುತ್ರಿದುರ್ಗ ಹೋಬಳಿ. ಇಂಥ ಹೋಬಳಿಯ ಹಳ್ಳಿಯಾಗಲಿ, ಕರಾವಳಿಯ ಊರಾಗಲಿ, ಸರಕಾರದ ಹಣ ಜನರ ಮನೆ ಬಾಗಿಲಿಗೆ ಬರುವುದು ಗ್ರಾಮ ಪಂಚಾಯತಿ ಮೂಲಕ. ಅಲ್ಲಿ ಸೋರಿಕೆ ಆಗುವುದು ಹೇಗೆ? ಒಂದು ಚರಂಡಿ ಕೆಲಸವನ್ನು ಟೆಂಡರ್ ಮಿತಿಗಿಂತ ಕೆಳಗೆ ಇಳಿಸಲು ಎರಡು ಮೂರು ತುಂಡು ಮಾಡುವುದು. ಮೂರು ಕೊಟೇಶನ್‌ಗಳನ್ನೂ ಒಬ್ಬರೇ ತಂದು ಕೊಡುವುದು. ಸದಸ್ಯರ ಭಾವನೋ ಅಳಿಯನೋ ಗುತ್ತಿಗೆದಾರ ಆಗುವುದು. ಹಳೆ ರಸ್ತೆಗೆ ಹೊಸ ಬಿಲ್ಲು ಮಾಡುವುದು. ಒಂದೊಂದೂ ಸಣ್ಣ ಮೊತ್ತ, ಪೇಪರಿನಲ್ಲಿ ಸುದ್ದಿ ಆಗುವಷ್ಟು ದೊಡ್ಡದಲ್ಲ. ಕೇಳಲು ಹೊರಟವರಿಗೆ ಸಿಗುವ ಉತ್ತರವೂ ಎಲ್ಲಾ ಕಡೆ ಒಂದೇ: "ಎಂತಕ್ಕೆ ಮಾರಾಯ್ರೆ, ಅವರು ನಮ್ಮವರೇ ಅಲ್ವಾ?"

ಈ "ನಮ್ಮವರು" ಎಂಬ ಮಾತೇ ರೋಗದ ಮೂಲ. ಜಾತಿಯವರು, ಪಕ್ಷದವರು, ಜಮಾಅತಿನವರು ಎಂದು ಒಬ್ಬೊಬ್ಬರು ಒಂದೊಂದು ಕಡೆ ಬಾಯಿ ಮುಚ್ಚುತ್ತಾರೆ. ಕೊನೆಗೆ ಮನೆಯ ಪಟ್ಟಿಯಲ್ಲಿ ಹೆಸರು ಬರಬೇಕಾದ ವಿಧವೆಗೆ, ನಳ್ಳಿ ನೀರಿಗಾಗಿ ಕಾಯುವ ಮನೆಗೆ ಅದರ ಪೆಟ್ಟು ಬೀಳುತ್ತದೆ. ಅವರು ಯಾರ "ನಮ್ಮವರು" ಎಂದು ಯಾರೂ ಕೇಳುವುದಿಲ್ಲ.

ಕಾನೂನು ಇಲ್ಲ ಎಂದಲ್ಲ. ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಹಿಂದಿನ ವರ್ಷದ ಲೆಕ್ಕ, ಕಾಮಗಾರಿ ಎಲ್ಲವನ್ನೂ ಜನರ ಎದುರು ಇಡುವ ಜಮಾಬಂದಿ ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಆಗಬೇಕು. 2005ರ ಉದ್ಯೋಗ ಖಾತರಿ ಕಾಯ್ದೆಯ 17ನೇ ಕಲಂ, ಗ್ರಾಮ ಸಭೆಯೇ ಕೆಲಸಗಳ ಸಾಮಾಜಿಕ ಪರಿಶೋಧನೆ ಮಾಡಬೇಕು ಎಂದು ಹೇಳಿತು. ಅದೇ ವರ್ಷದ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಬಿಲ್ಲು, ಅಳತೆ ಪುಸ್ತಕದ ನಕಲು ಕೇಳಬಹುದು, 30 ದಿನದ ಒಳಗೆ ಉತ್ತರ ಕೊಡಬೇಕು. ಕೊರತೆ ಇರುವುದು ಕೇಳುವವರದ್ದು. ಜಮಾಬಂದಿಗೆ ಹತ್ತು ಜನ ಬಂದರೆ ಹತ್ತು ಸಹಿಯಲ್ಲಿ ಲೆಕ್ಕ ಪಾಸಾಗುತ್ತದೆ. ಪರಿಶೋಧಕರು ಆಕ್ಷೇಪಣೆ ಬರೆದರೂ ಅದನ್ನು ಓದಿ ಹೇಳುವವರಿಲ್ಲದಿದ್ದರೆ ಅದು ಕಡತದಲ್ಲೇ ಉಳಿಯುತ್ತದೆ.

ಸಹಕಾರ ಸಂಘಗಳಲ್ಲಿಯೂ ಇದೇ ಕತೆ. ವಾರ್ಷಿಕ ಮಹಾಸಭೆಗೆ ನಾವು ಹೋಗುವುದು ಊಟಕ್ಕೆ, ಸ್ವೀಟ್ ಬಾಕ್ಸಿಗೆ. ಲೆಕ್ಕಪರಿಶೋಧಕರನ್ನು ನೇಮಿಸುವ ಅಧಿಕಾರ ಆ ಸಭೆಗೇ ಇದೆ ಎಂಬುದು ಎಷ್ಟು ಸದಸ್ಯರಿಗೆ ಗೊತ್ತು? ಸದಸ್ಯರು ಸುಮ್ಮನಿದ್ದರೆ ಆಡಳಿತ ಮಂಡಳಿ ಹೇಳಿದ ಹೆಸರೇ ಪಾಸು. ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನಲ್ಲಿ 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ 35,000 ರೂಪಾಯಿಯ ಮಿತಿ ಹಾಕಿದಾಗ, ಪಿಂಚಣಿ ಹಣ ಇಟ್ಟ ಹಿರಿಯರು ಬಾಗಿಲಲ್ಲಿ ಸಾಲು ನಿಂತರು. ಅಷ್ಟರ ತನಕ ಅದೂ "ನಮ್ಮವರ ಬ್ಯಾಂಕೇ" ಆಗಿತ್ತು.

ಬೇರೆಯವರದ್ದು ಹೇಳಿ ನಮ್ಮದನ್ನು ಬಿಟ್ಟರೆ ಆಗದು. 2019ರಲ್ಲಿ ಮುಳುಗಿದ ಐಎಂಎ ಕಂಪೆನಿ ಹಲಾಲ್ ಲಾಭದ ಹೆಸರಲ್ಲಿ ನಮ್ಮ ಜನರ ಸಾವಿರಾರು ಕೋಟಿ ನುಂಗಿತು. ಅದರ ಮೇಲೆ ವಿಚಾರಣೆ ಮಾಡಬೇಕಾದ ಅಧಿಕಾರಿಗಳೇ ಅನುಕೂಲದ ವರದಿ ಕೊಡಲು ಲಂಚ ಪಡೆದ ಆರೋಪದಲ್ಲಿ ಬಂಧಿತರಾದರು. ಆಗಿನ ಬೆಂಗಳೂರು ನಗರ ಜಿಲ್ಲಾಧಿಕಾರಿಯೂ ಅವರಲ್ಲಿ ಒಬ್ಬರು. ಇನ್ನು ನಮ್ಮ ಮಸೀದಿ, ಮದ್ರಸ, ದರ್ಗಾಗಳ ವಕ್ಫ್ ಆಸ್ತಿ. 1995ರ ವಕ್ಫ್ ಕಾಯ್ದೆಯ 46ನೇ ಕಲಂ ಪ್ರಕಾರ ಮುತವಲ್ಲಿ ಪ್ರತಿ ವರ್ಷದ ಲೆಕ್ಕವನ್ನು ವಕ್ಫ್ ಮಂಡಳಿಗೆ ಕೊಡಲೇಬೇಕು. ಅಂಗಡಿ ಕೋಣೆಯ ಬಾಡಿಗೆ ಎಷ್ಟು, ಯಾರಿಗೆ ಕೊಟ್ಟದ್ದು, ಎಷ್ಟು ವರ್ಷದಿಂದ ಏರಿಸಿಲ್ಲ ಎಂದು ಜಮಾಅತಿನ ಸಭೆಯಲ್ಲಿ ಕೇಳಿದರೆ ಅದು ಫಿತ್ನ ಅಲ್ಲ. ನಾವು ಮದ್ರಸದವರು ಕಮಿಟಿಯ ಸಂಬಳದಲ್ಲಿ ಬದುಕುವವರು. ಇದನ್ನು ಹೇಳುವುದು ನಮಗೆ ಸುಲಭ ಅಲ್ಲ. ಆದರೂ ಮಕ್ಕಳಿಗೆ ಅಮಾನತ್ ಬಗ್ಗೆ ಪಾಠ ಮಾಡಿ ದೊಡ್ಡವರ ಎದುರು ಸುಮ್ಮನಿರುವುದು ಸರಿಯಲ್ಲ.

ಪ್ರವಾದಿಯವರ (ಸ.ಅ.) ಕಾಲದ ಒಂದು ಘಟನೆ ಹದೀಸ್ ಗ್ರಂಥಗಳಲ್ಲಿ ಇದೆ. ಝಕಾತ್ ಸಂಗ್ರಹಕ್ಕೆ ಹೋದ ಒಬ್ಬರು ಬಂದು, ಇದು ನಿಮ್ಮದು, ಇದು ನನಗೆ ಸಿಕ್ಕ ಉಡುಗೊರೆ ಎಂದು ಬೇರೆ ಇಟ್ಟರು. ತಂದೆ ತಾಯಿಯ ಮನೆಯಲ್ಲಿ ಕೂತಿದ್ದರೆ ಆ ಉಡುಗೊರೆ ಬರುತ್ತಿತ್ತಾ ಎಂದು ಪ್ರವಾದಿಯವರು ಎಲ್ಲರ ಮುಂದೆ ಕೇಳಿದರು. ಆ ವ್ಯಕ್ತಿ ಹೊರಗಿನವರಲ್ಲ, ಅವರೇ ನೇಮಿಸಿದ ನಮ್ಮವರೇ. ಆದರೂ ಲೆಕ್ಕ ಕೇಳಿದರು, ಗುಟ್ಟಾಗಿ ಅಲ್ಲ, ಮಿಂಬರ್ ಮೇಲಿನಿಂದ.

ಹಾಗಾದರೆ ಮಾಡಬೇಕಾದ್ದು ಎಂತ? ದೊಡ್ಡ ಹೋರಾಟ ಬೇಡ. ಈ ಸಲದ ಜಮಾಬಂದಿಯ ದಿನ ಯಾವಾಗ ಎಂದು ಪಿಡಿಒ ಹತ್ತಿರ ಕೇಳಿ ಇಡಿ. ನಿಮ್ಮ ವಾರ್ಡಿನ ಒಂದೇ ಒಂದು ಕಾಮಗಾರಿಯ ಬಿಲ್ಲು ಕೇಳಿ, ಜಾಗಕ್ಕೆ ಹೋಗಿ ನೋಡಿ. ಹೆಂಗಸರೂ ಬರಲಿ, ನೀರು ಬಾರದ ದಿನಗಳ ಲೆಕ್ಕ ಅವರಿಗೇ ಸರಿಯಾಗಿ ಗೊತ್ತಿರುವುದು. ಸೊಸೈಟಿಯ ಸಭೆಯಲ್ಲಿ ಊಟಕ್ಕೆ ಮೊದಲು ಪರಿಶೋಧನಾ ವರದಿ ಓದಿಸಿ. ಮಸೀದಿಯ ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಾಕಿಸಿ. ಪ್ರಾಮಾಣಿಕರಾದ ಅಧ್ಯಕ್ಷ, ಕಾರ್ಯದರ್ಶಿಗಳಿಗೆ ಇದರಿಂದ ನಷ್ಟ ಇಲ್ಲ. ಅವರ ಮೇಲಿನ ಸುಳ್ಳು ಸಂಶಯವೂ ಇದರಿಂದಲೇ ಹೋಗುವುದು.