ಲೆಕ್ಕದ ಕಣ್ಣು

‘ಹಂಪೆಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು’ ಎಂಬ ಮಾತು ನಮ್ಮ ಸೀಮೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಉಜ್ಜಿನಿಯ ಮರುಳಸಿದ್ಧೇಶ್ವರ ದೇವಾಲಯದ ಶಿಲ್ಪವೈಭವ ಹೊಸ್ತಿಲು ದಾಟದವನಿಗೆ ಕಾಣದು. ವಿದ್ಯುತ್ತಿಗೂ ಈ ಮಾತು ಸಲ್ಲುತ್ತದೆ. ತಂತಿಯ ಹೊರಗೆ ನಮಗೆ ಕಾಣುವುದು ಬಣ್ಣದ ಹೊದಿಕೆ ಮಾತ್ರ. ಒಳಗೆ ನಡೆಯುವುದನ್ನು ಕಣ್ಣು ಹೇಳಲಾರದು, ಕಿವಿ ಹೇಳಲಾರದು, ಲೆಕ್ಕ ಹೇಳಬಲ್ಲುದು. ಕನ್ನಡ ಪಾಠ ಹೇಳುವುದರಲ್ಲಿಯೇ ಆಯುಷ್ಯ ಕಳೆದ ನಾನು ಈ ಸತ್ಯವನ್ನು ತಡವಾಗಿ, ಅದೂ ಭಯದ ಮೂಲಕ ಕಲಿತೆ.

ಹಲವು ವರ್ಷಗಳ ಹಿಂದಿನ ಮಾತು. ದೇವಾಲಯದ ಶಿಖರಕ್ಕೆ ಎಣ್ಣೆಯೆರೆಯುವ ತೈಲಾಭಿಷೇಕದ ಜಾತ್ರೆಗೆ ನೆಂಟರಿಷ್ಟರು ಬಂದಿದ್ದರು. ಹಿತ್ತಲಿನ ಚಪ್ಪರಕ್ಕೆ ಬೆಳಕು ಬೇಕೆಂದು, ಒಂಬತ್ತನೆಯ ತರಗತಿಯ ನನ್ನ ಶಿಷ್ಯನೊಬ್ಬನ ನೆರವಿನಿಂದ, ಮೂವತ್ತು ಮೀಟರ್ ಉದ್ದದ ತೆಳುವಾದ ಜೋಡಿತಂತಿಯನ್ನು ಎಳೆದೆವು. ಉಳಿದ ತಂತಿಯನ್ನು ಹುಡುಗ ಅಚ್ಚುಕಟ್ಟಾಗಿ ಸುರುಳಿ ಸುತ್ತಿ ಮೂಲೆಯಲ್ಲಿಟ್ಟನು. ಅದರ ಮೇಲೆ ಯಾರೋ ಗೋಣಿಚೀಲಗಳನ್ನು ಹಾಕಿದರು. ಒಂದು ರಾತ್ರಿಯೆಲ್ಲ ದೀಪ ನಿರಾತಂಕವಾಗಿ ಉರಿಯಿತು. ಮರುದಿನ ಅದೇ ತಂತಿಗೆ ಕಾಫಿ ಕಾಯಿಸುವ ವಿದ್ಯುತ್ ಒಲೆಯನ್ನು ಜೋಡಿಸಿದೆವು. ಸ್ವಲ್ಪ ಹೊತ್ತಿಗೆಲ್ಲ ಸುಟ್ಟ ವಾಸನೆ ಹಬ್ಬಿತು. ಗೋಣಿಯ ಸಂದಿನಿಂದ ಹೊಗೆಯೆದ್ದಿತು. ಅದರ ಪಕ್ಕದಲ್ಲಿ ನೆಂಟರ ಕೂಸೊಂದು ಮಲಗಿತ್ತು. ಕೂಸನ್ನು ಎತ್ತಿಕೊಂಡು, ಸ್ವಿಚ್ಚು ಆರಿಸಿದೆವು. ಗೋಣಿಯ ಹೊರತು ಬೇರೇನೂ ಸುಡಲಿಲ್ಲವೆಂಬುದು ನಮ್ಮ ಪುಣ್ಯ.

ಹುಡುಗನು ಆ ಸಂಜೆ ಮಂಕಾಗಿ ಕುಳಿತಿದ್ದನು. ಬಳಿಕ ಕಾಗದವೊಂದನ್ನು ತೆಗೆದು ಲೆಕ್ಕ ಮಾಡಿದನು. ವಿಭವಾಂತರವನ್ನು ಪ್ರವಾಹದಿಂದ ಭಾಗಿಸಿದರೆ ರೋಧ, ಗುಣಿಸಿದರೆ ಸಾಮರ್ಥ್ಯ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಮ್, ಗುಣಿಸಿದರೆ ವ್ಯಾಟ್ ಎಂದರೂ ಅದೇ ಅರ್ಥ. ಒಲೆಯ ಮೇಲೆ 230 ವೋಲ್ಟ್, 1500 ವ್ಯಾಟ್ ಎಂದು ಬರೆದಿತ್ತು. 1500ನ್ನು 230ರಿಂದ ಭಾಗಿಸಿದರೆ ಪ್ರವಾಹ ಸುಮಾರು 6.5 ಆಂಪಿಯರ್, 230ನ್ನು 6.5ರಿಂದ ಭಾಗಿಸಿದರೆ ಒಲೆಯ ರೋಧ ಸುಮಾರು 35 ಓಮ್. ಹೋಗಿಬರುವ ಅರವತ್ತು ಮೀಟರ್ ತೆಳುತಂತಿಯ ರೋಧ ಸುಮಾರು 2 ಓಮ್. ಎರಡೂ ಸೇರಿ 37 ಓಮ್ ಆದುದರಿಂದ ಹರಿದ ಪ್ರವಾಹ 6.2 ಆಂಪಿಯರ್. ತಂತಿಯಲ್ಲಿಯೇ ವ್ಯಯವಾದದ್ದು 12.4 ವೋಲ್ಟ್, ಅದನ್ನು 6.2ರಿಂದ ಗುಣಿಸಿದರೆ ಸುಮಾರು 77 ವ್ಯಾಟ್! ಅರವತ್ತು ವ್ಯಾಟಿನ ಬಲ್ಬಿಗಿಂತ ಹೆಚ್ಚಿನ ಶಾಖ ತಂತಿಯಲ್ಲಿ ಹುಟ್ಟುತ್ತಿತ್ತು. ಅದರ ಬಹುಪಾಲು ಗೋಣಿಯಡಿಯ ಸುರುಳಿಯಲ್ಲಿ, ಹೊರಹೋಗಲು ದಾರಿಯಿಲ್ಲದೆ ಸೇರುತ್ತಿತ್ತು.

ಹಿಂದಿನ ರಾತ್ರಿ ಅದೇ ತಂತಿ ಏಕೆ ಸುಮ್ಮನಿತ್ತು? ಅರವತ್ತು ವ್ಯಾಟಿನ ಬಲ್ಬು ಎಳೆದುಕೊಂಡದ್ದು 0.26 ಆಂಪಿಯರ್ ಮಾತ್ರ. ಆಗ ತಂತಿಯಲ್ಲಿ ಹುಟ್ಟಿದ ಶಾಖ ಒಂದು ವ್ಯಾಟಿನ ಏಳನೆಯ ಒಂದು ಭಾಗಕ್ಕೂ ಮೀರಲಿಲ್ಲ. ಪ್ರವಾಹ ಇಪ್ಪತ್ತನಾಲ್ಕು ಪಟ್ಟಾದಾಗ ಶಾಖವು ಇಪ್ಪತ್ತನಾಲ್ಕು ಪಟ್ಟಾಗುವುದಿಲ್ಲ; ಅದರ ವರ್ಗದಷ್ಟು, ಎಂದರೆ ಐನೂರಕ್ಕೂ ಮಿಕ್ಕಿ ಪಟ್ಟಾಗುತ್ತದೆ. ಫ್ಯೂಸು ಕಾಪಾಡಬೇಕಿತ್ತಲ್ಲ ಎಂದು ನೀವು ಕೇಳಬಹುದು. ಅದು ಹದಿನೈದು ಆಂಪಿಯರಿನ ಫ್ಯೂಸು. ಆರು ಆಂಪಿಯರಿಗೆ ಅದೇಕೆ ಕರಗೀತು?

ಲೆಕ್ಕ ಮುಗಿಸಿ ಹುಡುಗ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: “ಇದೇ ಲೆಕ್ಕವನ್ನು ಪರೀಕ್ಷೆಯಲ್ಲಿ ಮಾಡಿ ಪೂರ್ಣ ಅಂಕ ಪಡೆದಿದ್ದೆ, ಸಾರ್. ತಂತಿ ಸುತ್ತುವಾಗ ನೆನಪಿಗೇ ಬರಲಿಲ್ಲ.” ತಪ್ಪು ಅವನದಲ್ಲ. ಲೆಕ್ಕವನ್ನು ಪುಸ್ತಕದೊಳಗೆ ಬಿಟ್ಟು ಮನೆಗೆ ಬರುವುದನ್ನು ಅವನಿಗೆ ಕಲಿಸಿದವರು ನಾವು, ಉಪಾಧ್ಯಾಯರು.

ಈ ನಿಯಮವನ್ನು ಲೋಕಕ್ಕೆ ಕೊಟ್ಟವನೂ ಒಬ್ಬ ಉಪಾಧ್ಯಾಯನೇ. ಬೀಗ ಮಾಡುವವನ ಮಗನಾದ ಜಾರ್ಜ್ ಸೈಮನ್ ಓಮ್, ಜರ್ಮನಿಯ ಕಲೋನ್ ನಗರದ ಶಾಲೆಯಲ್ಲಿ ಪಾಠ ಹೇಳುತ್ತ, ತಾನೇ ಉಪಕರಣಗಳನ್ನು ರಚಿಸಿಕೊಂಡು ತಂತಿಗಳನ್ನು ಅಳೆದನು. 1827ರಲ್ಲಿ ಅವನ ಗ್ರಂಥ ಪ್ರಕಟವಾದಾಗ ಸ್ವದೇಶದಲ್ಲಿ ಆದರ ದೊರೆಯಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲೆ ಪದಕವಿತ್ತು ಅವನನ್ನು ಗೌರವಿಸಿತು.

ನಮ್ಮ ನಾಡು ಈ ಲೆಕ್ಕದ ಫಲವನ್ನು ಬಹುಬೇಗ ಉಂಡಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ನೂರನಲವತ್ತು ಕಿಲೋಮೀಟರಿಗೂ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಅಷ್ಟು ಉದ್ದದ ತಂತಿಯಲ್ಲಿ ಅದು ಶಾಖವಾಗಿ ಪೋಲಾಗದಂತೆ ಮಾಡಿದ ಉಪಾಯವೇನು? ವೋಲ್ಟನ್ನು ಹತ್ತಾರು ಸಾವಿರಕ್ಕೆ ಏರಿಸಿದರು. ಸಾಮರ್ಥ್ಯ ಅಷ್ಟೇ ಇದ್ದು ವೋಲ್ಟು ಏರಿದರೆ ಪ್ರವಾಹ ಇಳಿಯುತ್ತದೆ, ಪ್ರವಾಹ ಇಳಿದರೆ ನಷ್ಟವು ವರ್ಗದ ಪ್ರಮಾಣದಲ್ಲಿ ಇಳಿಯುತ್ತದೆ. ನಮ್ಮ ಹಿತ್ತಲಿನಲ್ಲಿ ಗೋಣಿಯನ್ನು ಸುಟ್ಟ ನಿಯಮವೇ ಅಲ್ಲಿ ಗಣಿಯನ್ನು ನಡೆಸಿತು.

‘ಇದೆಲ್ಲ ವಿದ್ಯುತ್ ಕೆಲಸದವರ ಪಾಡು, ನಮಗೇಕೆ?’ ಎನ್ನುವವರುಂಟು. ಪಂಪುಸೆಟ್ಟಿನ ಮೋಟಾರಿಗೆ ಈ ಸರಳ ಲೆಕ್ಕವೊಂದೇ ಸಾಲದು. ಅಲ್ಲಿ ಬಲ್ಲವರನ್ನೇ ಕರೆಯಬೇಕು, ನಿಜ. ಆದರೆ ಒಲೆಯನ್ನು ತಂತಿಗೆ ಜೋಡಿಸುವ ಕ್ಷಣದಲ್ಲಿ ಬಲ್ಲವರು ನಮ್ಮ ಬಳಿಯಿರುವುದಿಲ್ಲ, ನಾವೇ ಇರುತ್ತೇವೆ. ವೈದ್ಯನಿದ್ದಾನೆಂದು ಕುಡಿಯುವ ನೀರನ್ನು ಸೋಸದೆ ಬಿಡುತ್ತೇವೆಯೆ?

ವಿದ್ಯಾರ್ಥಿಗಳೇ, ವಿದ್ಯುತ್ತನ್ನು ಮುಟ್ಟಿ ಪರೀಕ್ಷಿಸಿರೆಂದು ನಾನು ಹೇಳುತ್ತಿಲ್ಲ; ಅದು ಪ್ರಾಣಾಂತಿಕ. ಮುಟ್ಟದೆಯೇ ಅರಿಯುವ ಉಪಾಯವೆಂದರೆ ಲೆಕ್ಕ. ಇಂದು ಮನೆಗೆ ಹೋದೊಡನೆ ಒಂದೊಂದು ಉಪಕರಣದ ಮೇಲೆಯೂ ಬರೆದಿರುವ ವೋಲ್ಟು, ವ್ಯಾಟುಗಳನ್ನು ಓದಿ, ಪ್ರವಾಹವನ್ನು ಕಂಡುಹಿಡಿಯಿರಿ. ಅದಕ್ಕೆ ಜೋಡಿಸಿದ ತಂತಿ ಅಷ್ಟನ್ನು ಹೊರಬಲ್ಲುದೇ ಎಂದು ಹಿರಿಯರನ್ನು ಕೇಳಿರಿ. ಆ ಪ್ರಶ್ನೆಗೆ ಯಾರೂ ಅಂಕ ಕೊಡುವುದಿಲ್ಲ. ಆದರೆ ಮೂಲೆಯಲ್ಲಿ ಮಲಗಿದ ಕೂಸೊಂದು ನೆಮ್ಮದಿಯಿಂದ ನಿದ್ರಿಸೀತು.